ವಿಳಾಸ ತಪ್ಪಿದ ಕಾಣಿಕೆ



ನಮ್ಮ ಕೂಟದ ಯುಗಾದಿ ಸಂಚಿಕೆ ನಿಮ್ಮ ಮನೆಯಲ್ಲಿ ಇನ್ನೂ ಉಳಿದಿದ್ದರೆ, ಅಂದರೆ ಬೋಂಡದ ಎಣ್ಣೆ ಹೀರಲು ತಟ್ಟೆಗೆ ಹಾಸಿ ಮುಗಿಸಿಲ್ಲದಿದ್ದರೆ, ದಯವಿಟ್ಟು ಅದರ 4ನೇ ಪುಟ ತೆರೆಯಿರಿ. ಕೆಳಗಡೆ ಬಳ್ಳಿಯ ಚಿತ್ತಾರದ ಚೌಕಟ್ಟಿನಲ್ಲಿ ‘ಕ್ರಿಪ್ಟೊ ಮೂಲಕ ಕಾಣಿಕೆ ಕೊಡಬಯಸುವವರಿಗೆ’ ಎಂಬ ತಲೆಬರಹ, ಅದರ ಕೆಳಗೆ 42 ಅಕ್ಷರಗಳ ಒಂದು ಸಾಲು ಇದೆ. ಆ ಸಾಲನ್ನು ಟೈಪ್ ಮಾಡಿದವನು ನಾನು. ಚೌಕಟ್ಟು ಹಾಕಿದವನೂ ನಾನೇ. ಆ ಸಾಲಿನಿಂದ ನಮ್ಮ ಕೂಟದ ಒಬ್ಬ ಹಿರಿಯರಿಗೆ ಆದ ನಷ್ಟ ಮತ್ತು ನೋವು ನನ್ನ ತಪ್ಪಿನಿಂದ ಆದದ್ದು, ಅವರ ಕಣ್ಣಿನಿಂದ ಅಲ್ಲ. ಇದನ್ನು ಎಲ್ಲರೆದುರು ಹೇಳಬೇಕೆಂದೇ ಈ ಬರಹ.

ವಿಷಯ ಶುರುವಾದದ್ದು ಹೀಗೆ. ಜನವರಿಯ ಸಮಿತಿ ಸಭೆಯಲ್ಲಿ ನಮ್ಮ ಕಿರಿಯ ಸದಸ್ಯರು, ಕೆಲವರು ಚೆಕ್ಕಿನ ಬದಲು ಈಥರ್ ರೂಪದಲ್ಲಿ ಕಾಣಿಕೆ ಕೊಡಲು ಸಿದ್ಧರಿದ್ದಾರೆ, ಕೂಟಕ್ಕೂ ಒಂದು ವಿಳಾಸ ಇರಲಿ ಎಂದರು. ಈಥರ್ ಅಂದರೆ ಎಥೆರಿಯಂ ಜಾಲದ ನಾಣ್ಯ. ಹಿರಿಯರು ಒಂದಿಷ್ಟು ಗೊಣಗಿದೆವು. ‘ಮುಟ್ಟಲಾಗದ ದುಡ್ಡಿಗೆ ರಶೀದಿ ಹೇಗೆ ಕೊಡುವುದು?’ ಎಂದು ಖಜಾಂಚಿಗಳು ಕೇಳಿದರು. ಕೊನೆಗೆ ಚಿತ್ರಾನ್ನ ಬಂದ ಮೇಲೆ ಎಲ್ಲರೂ ಒಪ್ಪಿದೆವು. ಆ ಹುಡುಗರು ವಿಳಾಸವನ್ನು ನನಗೆ ಇ-ಮೇಲ್ ಮಾಡಿದರು.

ನೋಡುತ್ತೇನೆ, ಸೊನ್ನೆ, ಎಕ್ಸ್, ಆಮೇಲೆ ಅಂಕಿಯೂ ಇಂಗ್ಲಿಷ್ ಅಕ್ಷರವೂ ಕಲೆತ ಒಂದು ದೊಡ್ಡ ಬಾಲ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಅಕ್ಷರಗಳು ಕೆಲವು ದೊಡ್ಡವು, ಕೆಲವು ಚಿಕ್ಕವು, ಯಾವ ಶಿಸ್ತೂ ಇಲ್ಲ. ಹದಿನೆಂಟು ವರ್ಷದಿಂದ ಈ ಪತ್ರಿಕೆಯ ಕರಡು ತಿದ್ದಿದ ಕೈ ಸುಮ್ಮನಿದ್ದೀತೇ? ‘ಈಗಿನ ಹುಡುಗರಿಗೆ ಟೈಪಿಂಗ್ ಕೂಡ ಸರಿಯಾಗಿ ಬರುವುದಿಲ್ಲ’ ಎಂದುಕೊಂಡು ಎಲ್ಲವನ್ನೂ ಚಿಕ್ಕಕ್ಷರ ಮಾಡಿದೆ. ಅಂದವಾಗಿರಲಿ ಎಂದು ಓರೆ ಅಕ್ಷರದ ಫಾಂಟ್ ಹಾಕಿದೆ. ಎಂದಿನಂತೆ ಒಂದು ಪ್ರತಿ ಮುದ್ರಿಸಿ ಜೆರಾಕ್ಸ್ ಅಂಗಡಿಗೆ ಒಯ್ದೆ. ಇ-ಮೇಲಿನಲ್ಲಿ ಓದುವವರು ಹೆಚ್ಚಾಗಿದ್ದರೂ, ಕಾಗದ ಕೈಯಲ್ಲಿ ಹಿಡಿಯದೆ ಓದಿದಂತಾಗುವುದಿಲ್ಲ ಎನ್ನುವ ಹಿರಿಯರಿಗಾಗಿ ಇನ್ನೂ ಎಂಬತ್ತು ಪ್ರತಿ ಜೆರಾಕ್ಸ್ ಮಾಡಿಸುತ್ತೇವಲ್ಲ, ಅದಕ್ಕೆ.

ಆ ಎಂಬತ್ತರಲ್ಲಿ ಒಂದು ಪ್ರತಿ ನಮ್ಮ ಟೀಚರಮ್ಮನವರ ಮನೆಗೆ ಹೋಯಿತು.

ಟೀಚರಮ್ಮ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ನಿವೃತ್ತಿಯಾಗಿ ಮಗನ ಮನೆಗೆಂದು ಇಲ್ಲಿಗೆ ಬಂದವರು, ಇಲ್ಲಿನ ಹಿಮದಲ್ಲೂ ನಮ್ಮ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಅಆಇಈ, ಸಂಜೆ ಸರಳೆವರಸೆ ಕಲಿಸಿದವರು. ನನ್ನ ಮಗಳು ‘ಳ’ ಮತ್ತು ‘ಲ’ ಬೇರೆ ಬೇರೆ ಹೇಳುತ್ತಾಳೆಂದರೆ ಅದು ಅವರ ಪುಣ್ಯ. ನನಗೆ ಈಗಲೂ ಸರಿಯಾಗಿ ಬರುವುದಿಲ್ಲ.

ಅವರ ಮೊಮ್ಮಗ ಬೇರೆ ರಾಜ್ಯದಲ್ಲಿ ಕಾಲೇಜು ಓದುತ್ತಾನೆ. ಹೈಸ್ಕೂಲಿನಲ್ಲಿದ್ದಾಗಲೇ ಅಜ್ಜಿಯ ಫೋನಿನಲ್ಲಿ ಒಂದು ವಾಲೆಟ್ ಹಾಕಿಕೊಟ್ಟು, ಪ್ರತಿ ಗುರುಪೂರ್ಣಿಮೆಗೆ ‘ಅಜ್ಜಿ, ಇದು ನಿಮ್ಮ ದಕ್ಷಿಣೆ’ ಎಂದು ಅಲ್ಪಸ್ವಲ್ಪ ಈಥರ್ ಹಾಕುತ್ತಿದ್ದ. ಅದು ಏರುತ್ತ ಇಳಿಯುತ್ತ ನೋಡುನೋಡುತ್ತ ಬೆಳೆದಿತ್ತು. ಏಪ್ರಿಲಿನಲ್ಲಿ ಅವರ ಯಜಮಾನರ ವರ್ಷಾಬ್ದಿಕ ಬಂತು. ಟೀಚರಮ್ಮ, ‘ಕೂತಲ್ಲೇ ಬಂದ ದುಡ್ಡು, ಕೂಟಕ್ಕೆ ಹೋಗಲಿ’ ಎಂದು ಅವರ ಹೆಸರಿನಲ್ಲಿ ಮಕ್ಕಳ ಗ್ರಂಥಾಲಯಕ್ಕೆ 501 ಡಾಲರಿನಷ್ಟು ಈಥರ್ ಕಳಿಸಲು ನಿಶ್ಚಯಿಸಿದರು. ಮಗನನ್ನು ಕೇಳಲಿಲ್ಲ, ಮೊಮ್ಮಗನನ್ನು ಕೇಳಲಿಲ್ಲ. ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕದ ಮೇಲೆ ಭೂತಗನ್ನಡಿ ಇಟ್ಟು, ಒಂದು ಬೆರಳಿನಲ್ಲಿ, ಒಂದೊಂದೇ ಅಕ್ಷರ ಒತ್ತಿ, ಮುಕ್ಕಾಲು ಗಂಟೆ ಕೂತು ಆ 42 ಅಕ್ಷರಗಳನ್ನು ತುಂಬಿದರು. ಎರಡು ಸಲ ಓದಿ ನೋಡಿದರು. ಕಳಿಸಿದರು.

ಕೂಟಕ್ಕೆ ಏನೂ ಬರಲಿಲ್ಲ.

ಒಂದು ವಾರ ಕಾದು ಖಜಾಂಚಿಗಳಿಗೆ ಫೋನ್ ಮಾಡಿದರು. ಅವರು ಇಲ್ಲವೆಂದರು. ಮೊಮ್ಮಗ ರಜೆಗೆ ಬಂದವನು ಕಂಪ್ಯೂಟರಿನಲ್ಲಿ ನೋಡಿದ. ಈ ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ನೋಡಬಹುದು. ದುಡ್ಡು ಹೋಗಿದೆ, ಸೇರಿದೆ, ಆದರೆ ಸೇರಿದ್ದು ಕೂಟದ ವಿಳಾಸಕ್ಕಲ್ಲ. ನಡುವೆ ಒಂದೇ ಒಂದು ಅಕ್ಷರ ಬೇರೆ. ‘ಬಿ’ ಇರಬೇಕಾದಲ್ಲಿ 6 ಇದೆ.

‘ನನ್ನ ಕಣ್ಣಿನದೇ ತಪ್ಪು’ ಎಂದರು ಟೀಚರಮ್ಮ. ಎರಡು ವರ್ಷದ ಹಿಂದೆ ಪೊರೆ ತೆಗೆಸಿಕೊಂಡವರು. ಯಾರನ್ನೂ ದೂರಲಿಲ್ಲ. ಆದರೆ ಮುಂದಿನ ಭಾನುವಾರ ಕನ್ನಡ ತರಗತಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನಮ್ಮ ಮನೆಯಾಕೆ ಫೋನ್ ಮಾಡಿ ವಿಚಾರಿಸಿದಳು. ‘ಅಕ್ಷರ ಓದಲಾರದವಳು ಅಕ್ಷರ ಕಲಿಸಬಾರದಮ್ಮ’ ಎಂದರಂತೆ.

ಆ ಮಾತು ಕೇಳಿ ನಾನು ಯುಗಾದಿ ಸಂಚಿಕೆಯ ಜೆರಾಕ್ಸ್ ಪ್ರತಿ ತೆಗೆದು ನೋಡಿದೆ. ಓರೆ ಫಾಂಟಿನ ಚಿಕ್ಕ ‘ಬಿ’ ಯಂತ್ರದ ಮಸಿಯಲ್ಲಿ ಬೆನ್ನು ಬಾಗಿಸಿಕೊಂಡು ಅಪ್ಪಟ 6 ಆಗಿ ಕೂತಿತ್ತು. ಭೂತಗನ್ನಡಿ ಹಾಕಿ ನೋಡಿದೆ, ಆಗಲೂ 6. ನನ್ನ ಮಗಳಿಗೆ ತೋರಿಸಿದೆ, ಅವಳೂ 6 ಎಂದಳು. ಟೀಚರಮ್ಮ ಏನಿತ್ತೋ ಅದನ್ನೇ ಸರಿಯಾಗಿ ಓದಿದ್ದರು.

ಇಷ್ಟು ಗೊತ್ತಾದದ್ದು ಮೇ ತಿಂಗಳಲ್ಲಿ. ನಾನು ಟೀಚರಮ್ಮನವರ ಮನೆಗೆ ಹೋದದ್ದು ಆಗಸ್ಟಿನಲ್ಲಿ. ಮಧ್ಯದ ಮೂರು ತಿಂಗಳು ನಾನು ಏನು ಮಾಡಿದೆ ಎಂದರೆ, ಜೆರಾಕ್ಸ್ ಯಂತ್ರವನ್ನು ಬೈದೆ, ಆ ವಿಳಾಸ ಕಂಡುಹಿಡಿದವರನ್ನು ಬೈದೆ, ಸುಮ್ಮನಿದ್ದೆ.

ಬೈಯುವುದಕ್ಕಾದರೂ ತಿಳಿದುಕೊಳ್ಳಬೇಕಲ್ಲ ಎಂದು ಟೀಚರಮ್ಮನವರ ಮೊಮ್ಮಗನಿಗೇ ಫೋನ್ ಮಾಡಿ, ವಿಷಯ ಹೇಳದೆ, ಈ ವಿಳಾಸಗಳು ಯಾಕೆ ಹೀಗೆ ಎಂದು ಕೇಳಿದೆ. ಅವನು ತಾಳ್ಮೆಯಿಂದ ಹೇಳಿದ. ಎಥೆರಿಯಂ ವಿಳಾಸವನ್ನು ಯಾವ ಆಫೀಸೂ ಕೊಡುವುದಿಲ್ಲ. ಮೊದಲು ಒಂದು ಗುಪ್ತ ಸಂಖ್ಯೆ ಹುಟ್ಟುತ್ತದೆ, ಅದು ಬೀಗದ ಕೈ. ಆ ಕೈಯಿಂದ ಗಣಿತದ ದಾರಿಯಲ್ಲಿ ವಿಳಾಸ ಹುಟ್ಟುತ್ತದೆ. ಕೈಯಿಂದ ವಿಳಾಸ ಕಂಡುಹಿಡಿಯಬಹುದು, ವಿಳಾಸದಿಂದ ಕೈ ಕಂಡುಹಿಡಿಯಲಾಗದು. ಮುಂದಿನ ಸೊನ್ನೆ-ಎಕ್ಸ್ ಬಿಟ್ಟರೆ 40 ಸ್ಥಾನ, ಪ್ರತಿ ಸ್ಥಾನದಲ್ಲಿ 0ಯಿಂದ 9ರವರೆಗಿನ ಅಂಕಿ ಅಥವಾ ಎ-ಯಿಂದ ಎಫ್-ವರೆಗಿನ ಅಕ್ಷರ. ಒಟ್ಟು ಎಷ್ಟು ವಿಳಾಸ ಸಾಧ್ಯ ಎಂದರೆ 1ರ ಮುಂದೆ 48 ಸೊನ್ನೆ ಹಾಕಿದರೆ ಬರುವುದಕ್ಕಿಂತಲೂ ಹೆಚ್ಚು. ಅಷ್ಟರಲ್ಲಿ ನೀವು ತಪ್ಪಿ ಒತ್ತಿದ ವಿಳಾಸದ ಬೀಗದ ಕೈ ಯಾರ ಹತ್ತಿರವೂ ಇರುವುದಿಲ್ಲ. ಗಾಜಿನ ಹುಂಡಿ ಇದ್ದಂತೆ: ಒಳಗಿನ ದುಡ್ಡು ಎಲ್ಲರಿಗೂ ಕಾಣುತ್ತದೆ, ಬೀಗವಿದೆ, ಕೈ ಎಲ್ಲೂ ಇಲ್ಲ. ಟೀಚರಮ್ಮನವರ 501 ಡಾಲರ್ ಇವತ್ತಿಗೂ ಅಲ್ಲೇ ಕೂತಿದೆ. ನಾನು ಆಗಾಗ ಹೋಗಿ ನೋಡುತ್ತೇನೆ.

‘ಹಾಗಾದರೆ ತಪ್ಪು ಹಿಡಿಯುವ ಉಪಾಯವೇ ಇಲ್ಲವೇನಪ್ಪಾ?’ ಎಂದೆ.

‘ಇದೆ ಅಂಕಲ್. ಅದಕ್ಕೇ ಕೆಲವು ಅಕ್ಷರ ಕ್ಯಾಪಿಟಲ್, ಕೆಲವು ಸ್ಮಾಲ್ ಇರುತ್ತಲ್ಲ!’

ನನ್ನ ಕೈಯಿಂದ ಕಾಫಿ ಲೋಟ ಜಾರುವುದೊಂದು ಬಾಕಿ. 2015ರಲ್ಲಿ ಎಥೆರಿಯಂ ಶುರುವಾದಾಗ ಅದರ ವಿಳಾಸದಲ್ಲಿ ತಪ್ಪು ಹಿಡಿಯುವ ವ್ಯವಸ್ಥೆ ಇರಲಿಲ್ಲವಂತೆ. 2016ರಲ್ಲಿ ಅದರ ಸ್ಥಾಪಕರಲ್ಲೊಬ್ಬರಾದ ವಿಟಾಲಿಕ್ ಬುಟೆರಿನ್ ಒಂದು ಜಾಣತನದ ದಾರಿ ಸೂಚಿಸಿದರು. ವಿಳಾಸದ ಉದ್ದ ಬದಲಿಸದೆ, ಯಾವ ಅಕ್ಷರ ದೊಡ್ಡದು ಯಾವುದು ಚಿಕ್ಕದು ಎಂಬುದನ್ನು ಆ ವಿಳಾಸದಿಂದಲೇ ಲೆಕ್ಕ ಹಾಕಿ ಬರೆಯುವುದು. ಎಲ್ಲೋ ಒಂದು ಅಕ್ಷರ ತಪ್ಪಿದರೆ ದೊಡ್ಡದು ಚಿಕ್ಕದರ ಲೆಕ್ಕ ಕೂಡುವುದಿಲ್ಲ, ವಾಲೆಟ್ ‘ಇದು ಸರಿಯಿಲ್ಲ’ ಎಂದು ನಿರಾಕರಿಸುತ್ತದೆ. ಹೀಗೆ ತಪ್ಪು ನುಸುಳುವ ಸಂಭವ ಸುಮಾರು ನಾಲ್ಕು ಸಾವಿರಕ್ಕೆ ಒಂದು. ಆದರೆ ಹಳೆಯ ಪದ್ಧತಿಯಂತೆ ಎಲ್ಲವೂ ಚಿಕ್ಕಕ್ಷರದಲ್ಲಿದ್ದರೆ ವಾಲೆಟ್ ಪರೀಕ್ಷೆ ಮಾಡದೆ ಒಪ್ಪಿಕೊಳ್ಳುತ್ತದೆ.

ಅಂದರೆ ಶಿಸ್ತಿಲ್ಲ ಎಂದು ನಾನು ಅಳಿಸಿದ್ದೇ ಅದರ ಶಿಸ್ತು. ಮನೆ ಕಾಯಲು ಕಟ್ಟಿದ್ದ ನಾಯಿಯನ್ನು ಅಂಗಳ ಚೊಕ್ಕಟವಾಗಿರಲೆಂದು ನಾನೇ ಬಿಚ್ಚಿ ಅಟ್ಟಿದ್ದೆ.

ಬಿಟ್‌ಕಾಯಿನ್ ಮಾಡಿದವರು ಈ ವಿಷಯದಲ್ಲಿ ಮೊದಲಿಂದ ಸ್ವಲ್ಪ ಹುಷಾರು. ಅದರ ಹಳೆಯ ವಿಳಾಸಗಳಲ್ಲಿ ಸೊನ್ನೆ ಮತ್ತು ದೊಡ್ಡ ‘ಓ’, ದೊಡ್ಡ ‘ಐ’ ಮತ್ತು ಚಿಕ್ಕ ‘ಎಲ್’ ಇವು ನಾಲ್ಕನ್ನೂ ಬಳಸುವುದೇ ಇಲ್ಲ, ಒಂದು ಇನ್ನೊಂದರಂತೆ ಕಾಣುತ್ತದೆಂದು. 2017ರಲ್ಲಿ ಪೀಟರ್ ವುಯಿಲ್ ಮತ್ತು ಗ್ರೆಗ್ ಮ್ಯಾಕ್ಸ್‌ವೆಲ್ ರೂಪಿಸಿದ ಹೊಸ ಬಗೆಯ ವಿಳಾಸದಲ್ಲಿ, ಮುಂದಿನ ಗುರುತನ್ನು ಬಿಟ್ಟರೆ, 1, ‘ಬಿ’, ‘ಐ’, ‘ಓ’ ಇಲ್ಲ. ‘ಬಿ’ ಇಲ್ಲ! ಎಲ್ಲೋ ಯಾರೋ ನನ್ನಂಥವನನ್ನೂ ನನ್ನ ಜೆರಾಕ್ಸ್ ಅಂಗಡಿಯನ್ನೂ ಕಂಡವರಂತೆ ಯೋಚಿಸಿದ್ದರು.

ಇದನ್ನೆಲ್ಲ ಮನೆಯಾಕೆಗೆ ವಿವರಿಸಿದೆ. ಪೂರ್ತಿ ಕೇಳಿ ಅವಳು ಹೇಳಿದ್ದು ಒಂದೇ ಮಾತು: ‘ಅಲ್ರೀ, ಇಷ್ಟೆಲ್ಲ ಗೊತ್ತಾಯ್ತಲ್ಲ, ಟೀಚರಮ್ಮನಿಗೆ ಹೇಳಿದ್ರಾ?’

ಹೇಳಿರಲಿಲ್ಲ. ಮೊದಲನೆಯದು ಕೈತಪ್ಪು, ಮೂರು ತಿಂಗಳು ಸುಮ್ಮನಿದ್ದದ್ದು ಮನಸ್ಸಿನ ತಪ್ಪು. ಆ ಶನಿವಾರ 501 ಡಾಲರಿನ ಚೆಕ್ಕು, ಆ 4ನೇ ಪುಟ, ನನ್ನ ಮೂಲ ಇ-ಮೇಲಿನ ಪ್ರತಿ ಮೂರನ್ನೂ ಹಿಡಿದು ಅವರ ಮನೆಗೆ ಹೋದೆ. ಅವರು ಬೀನ್ಸ್ ಬಿಡಿಸುತ್ತ ಕೂತಿದ್ದರು. ಹೇಳಿದೆ. ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದರು.

‘ನಾನು ಸರಿಯಾಗಿಯೇ ಓದಿದ್ದೆ’ ಎಂದರು ಮೆಲ್ಲಗೆ.

‘ಹೌದಮ್ಮ.’

‘ನೀನು ತಿದ್ದಿದೆ.’

‘ಹೌದಮ್ಮ.’

‘ಬರೆದವರು ಯಾಕೆ ಹಾಗೆ ಬರೆದಿದ್ದಾರೆ ಅಂತ ಕೇಳದೆ ತಿದ್ದಬಾರದು ಕಣಪ್ಪ.’ ಅಷ್ಟೇ. ಅದಕ್ಕಿಂತ ಹೆಚ್ಚು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಚೆಕ್ಕನ್ನು ಹಿಂದಕ್ಕೆ ತಳ್ಳಿ, ‘ಇದು ನನಗಲ್ಲ, ಕೂಟಕ್ಕೆ ಕೊಡು. ರಶೀದಿ ಮಾತ್ರ ನಮ್ಮ ಯಜಮಾನರ ಹೆಸರಿಗೆ ಆಗಲಿ’ ಎಂದರು. ಆಮೇಲೆ ಕಾಫಿ ಕೊಟ್ಟರು.

ಕಾಫಿ ಕುಡಿಯುತ್ತ ದೊಡ್ಡಕ್ಷರ ಚಿಕ್ಕಕ್ಷರದ ಗುಟ್ಟು ಹೇಳಿದೆ. ಅವರಿಗೆ ತಕ್ಷಣ ಹಿಡಿಸಿತು. ‘ತಾಳ ಇದ್ದ ಹಾಗೆ. ಆದಿತಾಳದಲ್ಲಿ ಎಂಟು ಅಕ್ಷರ ಬರಬೇಕು. ಮಗು ಎಲ್ಲೋ ಒಂದು ಸ್ವರ ನುಂಗಿದರೆ, ಯಾವುದು ನುಂಗಿತು ಅಂತ ಗೊತ್ತಾಗದಿದ್ದರೂ, ತಾಳ ತಪ್ಪಿದ್ದು ಗೊತ್ತಾಗುತ್ತೆ. ನೀನು ತಾಳ ತೆಗೆದುಬಿಟ್ಟೆ.’ ಆಮೇಲೆ ತಾವಾಗಿಯೇ, ‘ಆದರೆ ನಲವತ್ತು ಅಕ್ಷರ ನೆನಪಿಡು ಅಂದರೆ ಮನುಷ್ಯರ ಕೈಲಾಗುವ ಮಾತಾ? ಸಂಖ್ಯೆ ನೆನಪಿಡಬೇಕಾದರೆ ಅದಕ್ಕೆ ಹೆಸರು ಕೊಡಬೇಕು. ನಮ್ಮವರು ಎಪ್ಪತ್ತೆರಡು ಮೇಳಕರ್ತ ರಾಗಕ್ಕೆ ಅದನ್ನೇ ಮಾಡಲಿಲ್ಲವೇ?’ ಎಂದರು.

ಸಂಗೀತ ಕಲಿತವರಿಗೆ ಗೊತ್ತಿರುವ ಮಾತು, ನನ್ನಂಥ ಔರಂಗಜೇಬರಿಗಾಗಿ ಬರೆಯುತ್ತೇನೆ. ಕಟಪಯಾದಿ ಎಂಬ ಹಳೆಯ ಪದ್ಧತಿಯಲ್ಲಿ ಪ್ರತಿ ವ್ಯಂಜನಕ್ಕೂ ಒಂದು ಅಂಕಿ. ಕ, ಟ, ಪ, ಯ ನಾಲ್ಕಕ್ಕೂ 1, ಅಲ್ಲಿಂದ ಮುಂದಕ್ಕೆ ಎಣಿಸುತ್ತ ಹೋಗುವುದು. ರಾಗದ ಹೆಸರಿನ ಮೊದಲ ಎರಡು ಅಕ್ಷರದ ಅಂಕಿ ತೆಗೆದು ತಿರುವಿ ಹಾಕಿದರೆ ಆ ರಾಗದ ಮೇಳ ಸಂಖ್ಯೆ ಬರುತ್ತದೆ. ಮಕ್ಕಳು ಮೊದಲು ಕಲಿಯುವ ಮಾಯಾಮಾಳವಗೌಳ: ಮ 5, ಯ 1, ತಿರುವಿದರೆ 15. ಕಲ್ಯಾಣಿಗೆ ಲೆಕ್ಕ ಕೂಡಲೆಂದೇ ಹಿಂದೆ ‘ಮೇಚ’ ಸೇರಿಸಿದರು: ಮ 5, ಚ 6, ತಿರುವಿದರೆ 65. ಶಂಕರಾಭರಣಕ್ಕೆ ‘ಧೀರ’ ಸೇರಿಸಿದರು: ಧ 9, ರ 2, ತಿರುವಿದರೆ 29. ಕಂಪ್ಯೂಟರು ಹುಟ್ಟುವ ಎಷ್ಟೋ ಮೊದಲೇ ಸಂಖ್ಯೆಯನ್ನು ಹಾಡಿಕೊಳ್ಳುವಂತೆ ಮಾಡಿದ್ದರು.

ಈಗಿನವರೂ ಅದೇ ದಾರಿಗೆ ಬಂದಿದ್ದಾರೆ. ಇಂಟರ್ನೆಟ್ಟಿನ ಪ್ರತಿ ಕಂಪ್ಯೂಟರಿಗೂ ಸಂಖ್ಯೆಯ ವಿಳಾಸವಿದೆ, ನಾವು ಯಾರೂ ಅದನ್ನು ಒತ್ತುವುದಿಲ್ಲ, ಹೆಸರು ಒತ್ತುತ್ತೇವೆ. ಮೊದಲು ಆ ಹೆಸರುಗಳ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ತಂಡ ಒಂದು ಕಡತದಲ್ಲಿ ಇಟ್ಟಿತ್ತು. ಕಂಪ್ಯೂಟರು ಹೆಚ್ಚಾಗಿ ಕಡತ ಸಾಲದೆ ಹೋದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಈಗಿನ ಡೊಮೇನ್ ಹೆಸರುಗಳ ಪದ್ಧತಿ ರೂಪಿಸಿದರು. ಅದೇ ಬಗೆಯ ಕೆಲಸವನ್ನು ಎಥೆರಿಯಂನಲ್ಲಿ ಮಾಡುವುದಕ್ಕೆ 2017ರ ಮೇ ತಿಂಗಳಲ್ಲಿ ‘ಎಥೆರಿಯಂ ನೇಮ್ ಸರ್ವಿಸ್’ ಬಂತು. ಒಂದು ಹೆಸರು, ಅದರ ಕೊನೆಗೆ ‘ಡಾಟ್ ಈಥ್’. ಆ ಹೆಸರು ಒತ್ತಿದರೆ ವಾಲೆಟ್ಟೇ 42 ಅಕ್ಷರದ ವಿಳಾಸ ಹುಡುಕಿಕೊಳ್ಳುತ್ತದೆ. ಐದು ಅಕ್ಷರಕ್ಕಿಂತ ಕಡಿಮೆಯಿಲ್ಲದ ಹೆಸರಿಗೆ ವರ್ಷಕ್ಕೆ 5 ಡಾಲರ್, ನಾಲ್ಕು ಅಕ್ಷರದ್ದಕ್ಕೆ 160, ಮೂರರದ್ದಕ್ಕೆ 640, ಜೊತೆಗೆ ಜಾಲದ ಶುಲ್ಕ. ಹೆಸರು ಚಿಕ್ಕದಾದಷ್ಟೂ ಬೆಲೆ ದೊಡ್ಡದು. ನಮ್ಮ ಕಡೆಯ ಹೆಸರುಗಳಿಗೆ ಆ ಭಯವಿಲ್ಲ.

ಇದನ್ನು ಹೇಳಿದಾಗ ಟೀಚರಮ್ಮ ಒಂದು ಪ್ರಶ್ನೆ ಕೇಳಿದರು. ಮೊಮ್ಮಗನಿಗೂ ಹೇಳಿದೆ, ಅವನು ‘ಅಜ್ಜಿ ಕಂಪ್ಯೂಟರ್ ಸೈನ್ಸ್ ಓದಬೇಕಿತ್ತು’ ಎಂದ. ಪ್ರಶ್ನೆ ಇಷ್ಟೇ: ‘ಆ ಹೆಸರಿನ ಪುಸ್ತಕ ಯಾರ ಹತ್ತಿರ ಇರುತ್ತೆ?’

ಅದೇ ಇಡೀ ವಿಷಯದ ಗಂಟು. ನಮ್ಮೂರು ತಿಪಟೂರಿನ ಕಡೆ ಒಂದು ಹಳ್ಳಿ. ಕಾಗದದ ಮೇಲೆ ತಂದೆಯವರ ಹೆಸರು, ‘ಬಾವಿ ಮನೆ’, ಊರು, ತಾಲ್ಲೂಕು ಇದ್ದರೆ ಸಾಕು, ಬರುತ್ತಿತ್ತು. ಒಂದೇ ಹೆಸರಿನವರು ಮೂವರಿದ್ದರೂ ಅಂಚೆಯವರಿಗೆ ಯಾರದು ಯಾವುದೆಂದು ಗೊತ್ತು. 1972ರಲ್ಲಿ ಆರಂಕಿಯ ಪಿನ್ ಕೋಡ್ ಬಂದಾಗ ತಂದೆಯವರು, ‘ನಮಗೂ ನಂಬರು ಹಾಕಿದರಲ್ಲ, ಜೈಲಿನವರ ಹಾಗೆ’ ಎಂದು ಬೇಸರಪಟ್ಟಿದ್ದರಂತೆ. ಆದರೆ ಪಿನ್ ಕೋಡ್ ಕಾಗದವನ್ನು ಊರಿನವರೆಗೆ ತಂದಿತು, ಮನೆಯವರೆಗೆ ತಂದದ್ದು ಅಂಚೆಯವರ ಪರಿಚಯ. ಹೆಸರು ಕೆಲಸ ಮಾಡಬೇಕಾದರೆ, ಈ ಹೆಸರು ಇಂಥವರದು ಎಂದು ಬಲ್ಲ ಒಬ್ಬರು ಬೇಕು, ಇಲ್ಲವೇ ಒಂದು ಪುಸ್ತಕ ಬೇಕು.

2016ರಿಂದ ನಮ್ಮ ದೇಶದಲ್ಲಿ ನಡೆಯುತ್ತಿರುವ ಯುಪಿಐ ನೋಡಿ. ಕಳೆದ ಸಲ ಬೆಂಗಳೂರಿಗೆ ಹೋದಾಗ ಗಾಂಧಿ ಬಜಾರಿನಲ್ಲಿ ಹೂವಿನಮ್ಮ ಎರಡು ಮೊಳ ಮಲ್ಲಿಗೆ ಅಳೆದುಕೊಟ್ಟು ಕ್ಯೂಆರ್ ಕೋಡಿನ ಹಲಗೆ ತೋರಿಸಿದಳು. ನನ್ನ ತಮ್ಮ ಫೋನ್ ಹಿಡಿದರೆ ಅವಳ ಹೆಸರು ಪರದೆಯ ಮೇಲೆ ಬಂತು. ‘ಇದೇ ಏನಮ್ಮ ನಿನ್ನ ಹೆಸರು?’ ‘ನನ್ನ ಮಗಂದು ಸ್ವಾಮಿ.’ ಮುಗಿಯಿತು. ಅಲ್ಲಿ ಹೆಸರಿನ ಹಿಂದೆ ಬ್ಯಾಂಕು ಇದೆ, ಖಾತೆ ಯಾರದೆಂದು ಅದಕ್ಕೆ ಗೊತ್ತು. ಕ್ರಿಪ್ಟೊ ಮಾಡಿದವರಿಗೆ ಮಧ್ಯದಲ್ಲಿ ಬ್ಯಾಂಕೇ ಬೇಡ. ಹಾಗಾದರೆ ಹೆಸರಿನ ಪುಸ್ತಕ ಯಾರದು? 2001ರಲ್ಲಿ ಜೂಕೊ ವಿಲ್ಕಾಕ್ಸ್ ಎಂಬ ಕಂಪ್ಯೂಟರ್ ತಜ್ಞರು ಇದನ್ನು ತ್ರಿಕೋಣದ ಲೆಕ್ಕದಲ್ಲಿ ಹೇಳಿದರು. ಹೆಸರು ಮನುಷ್ಯರಿಗೆ ನೆನಪಿರುವಂಥದಾಗಬೇಕು, ಮೋಸ ಆಗಬಾರದು, ಒಬ್ಬರ ಹಿಡಿತದಲ್ಲಿರಬಾರದು. ಈ ಮೂರರಲ್ಲಿ ಎರಡು ಸಿಕ್ಕೀತು, ಮೂರೂ ಸಿಗುವುದು ಕಷ್ಟ ಎಂದರು. 2011ರಲ್ಲಿ ಬಂದ ನೇಮ್‌ಕಾಯಿನ್, ಆಮೇಲೆ ಬಂದ ಈ ಡಾಟ್ ಈಥ್ ಹೆಸರುಗಳು, ಪುಸ್ತಕವನ್ನು ಯಾರ ಮನೆಯಲ್ಲೂ ಇಡದೆ ಎಲ್ಲರೂ ಕಾಯುವ ಆ ಸರಪಳಿಯಲ್ಲೇ ಬರೆದಿಟ್ಟು ಮೂರನ್ನೂ ಸಾಧಿಸಲು ಹೊರಟವು. ಬಹುಮಟ್ಟಿಗೆ ಸಾಧಿಸಿವೆ ಎನ್ನಬೇಕು.

ಆದರೆ ಪುಸ್ತಕಕ್ಕೆ ಪರಿಚಯ ಇಲ್ಲ. ಮೊದಲು ಬಂದವರಿಗೆ ಹೆಸರು. ನೀವು ನಿಜವಾಗಿ ಅವರೇನಾ ಎಂದು ಅದು ಕೇಳುವುದಿಲ್ಲ. ನಮ್ಮ ಕೂಟದ ಹೆಸರನ್ನು ನಮಗಿಂತ ಮೊದಲು ಬೇರೆ ಯಾರಾದರೂ ಬರೆಸಿಕೊಂಡಿದ್ದರೆ ಅದು ಅವರದೇ. ವರ್ಷ ಮುಗಿದು ನವೀಕರಿಸುವುದು ಮರೆತರೆ 90 ದಿನ ಕಾಯುತ್ತಾರೆ, ಆಮೇಲೆ ಹೆಸರು ಮಾರಾಟಕ್ಕೆ ಬರುತ್ತದೆ. ಪುಸ್ತಕ ಓದುವವರಿಗೆ ಹೆಸರು ಅದೇ, ದುಡ್ಡು ಹೋಗುವುದು ಬೇರೆಯವರಿಗೆ. ನಮ್ಮ ಸದಸ್ಯತ್ವ ಶುಲ್ಕದ ನವೀಕರಣದ ಚರಿತ್ರೆ ಬಲ್ಲ ಖಜಾಂಚಿಗಳು ಇದನ್ನು ಕೇಳಿ ಹಣೆ ಒರೆಸಿಕೊಂಡರು.

ಸೆಪ್ಟೆಂಬರಿನ ಸಭೆಯಲ್ಲಿ ಹೆಸರು ತೆಗೆದುಕೊಳ್ಳುವುದೆಂದು ತೀರ್ಮಾನವಾದ ಮೇಲೆ ಎದ್ದ ಚರ್ಚೆ ಮಾತ್ರ ಬರೆದಿಡತಕ್ಕದ್ದು. ‘ಕೂಟ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಹಿರಿಯರು ಎರಡು ‘ಓ’ ಬೇಕೆಂದರು. ಕಿರಿಯರು ‘ಯು’ ಸಾಕೆಂದರು. ‘ಯು ಒಂದೇ ಹಾಕಿದರೆ ಅದು ಕುಟ, ಕೊಡಗಿನ ಊರು’ ಎಂದು ಒಬ್ಬರು ಎದ್ದರು. ‘ಹಾಗಾದರೆ ಎರಡು ಯು’ ಎಂದರು ಇನ್ನೊಬ್ಬರು. ಕನ್ನಡ ಲಿಪಿಯಲ್ಲೇ ಹೆಸರು ಬರೆಸಬಾರದೇ ಎಂದು ನಾನು ಕೇಳಿದೆ. ಆ ಪದ್ಧತಿಯಲ್ಲಿ ಬೇರೆ ಲಿಪಿಗಳಿಗೂ ಜಾಗವಿದೆಯಂತೆ. ಆದರೆ ನೋಟಕ್ಕೆ ಒಂದೇ ಆಗಿದ್ದು ಕಂಪ್ಯೂಟರಿಗೆ ಬೇರೆಯಾದ ಅಕ್ಷರಗಳ ತೊಂದರೆ ದೊಡ್ಡದು ಎಂದು ಹುಡುಗರು ಹೇಳಿದರು. ರಷ್ಯನ್ ಲಿಪಿಯ ‘ಎ’ ಇಂಗ್ಲಿಷಿನ ‘ಎ’ ತರಹವೇ ಇರುತ್ತದೆ. ನಮ್ಮ ಅನುಸ್ವಾರ ಮತ್ತು ತೆಲುಗಿನ ಅನುಸ್ವಾರ ನೋಡಲು ಒಂದೇ ಸೊನ್ನೆ, ಕಂಪ್ಯೂಟರಿಗೆ ಎರಡು. ಅದಕ್ಕೇ ಒಂದು ಹೆಸರಿನಲ್ಲಿ ಲಿಪಿ ಬೆರೆಸದಂತೆ ನಿಯಮಗಳನ್ನು ಮಾಡಿದ್ದಾರೆ. ‘ಬಿ’ ಮತ್ತು 6ರಲ್ಲೇ ಒಮ್ಮೆ ಸುಟ್ಟುಕೊಂಡಿದ್ದ ನಾನು ಒತ್ತಾಯ ಮಾಡಲಿಲ್ಲ. ಕೊನೆಗೆ ‘ಓ’ ಒಂದು, ‘ಯು’ ಒಂದು, ಎರಡು ಹೆಸರನ್ನೂ ಬರೆಸಿ ಎರಡೂ ಒಂದೇ ವಿಳಾಸಕ್ಕೆ ಹೋಗುವಂತೆ ಮಾಡಿದೆವು. ವರ್ಷಕ್ಕೆ ಹತ್ತು ಡಾಲರಿನಲ್ಲಿ ಕೂಟದ ಒಗ್ಗಟ್ಟು ಉಳಿಯಿತು. ಚೆಕ್ಕಿಗೆ ಇರುವಂತೆ ಇಲ್ಲೂ ಮೂವರು ಪದಾಧಿಕಾರಿಗಳಲ್ಲಿ ಇಬ್ಬರು ಒಪ್ಪದೆ ದುಡ್ಡು ಹೊರಗೆ ಹೋಗದಂತೆ ಏರ್ಪಾಡಾಗಿದೆ. ನವೀಕರಣದ ದಿನಾಂಕವನ್ನು ದೀಪಾವಳಿ ಕಾರ್ಯಕ್ರಮದ ಪಟ್ಟಿಯಲ್ಲೇ ಸೇರಿಸಿದ್ದೇವೆ.

ಹೆಸರು ಬಂತೆಂದು ಎಚ್ಚರ ಬಿಡಬೇಡಿ. ಉದ್ದ ವಿಳಾಸ ಓದುವವರು ತಲೆಯ ನಾಲ್ಕು ಅಕ್ಷರ, ಬಾಲದ ನಾಲ್ಕು ಅಕ್ಷರ ನೋಡಿ ಸರಿ ಎನ್ನುತ್ತಾರೆ. ಮೋಸಗಾರರಿಗೆ ಇದು ಗೊತ್ತು. ತಲೆ ಬಾಲ ಒಂದೇ ಇರುವ ಬೇರೆ ವಿಳಾಸ ತಯಾರಿಸಿ, ಅದರಿಂದ ನಿಮಗೆ ಪುಡಿಗಾಸು ಕಳಿಸುತ್ತಾರೆ. ಆ ವಿಳಾಸ ನಿಮ್ಮ ಹಳೆಯ ಲೆಕ್ಕದಲ್ಲಿ ಕೂರುತ್ತದೆ. ಮುಂದಿನ ಸಲ ನೀವು ಅಲ್ಲಿಂದ ನಕಲು ಮಾಡಿದರೆ ಮುಗಿಯಿತು. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಸುಮಾರು 6.8 ಕೋಟಿ ಡಾಲರ್ ಬೆಲೆಯದನ್ನು ಕಳಿಸಿಬಿಟ್ಟರು. ಅವರ ಅದೃಷ್ಟ, ಮಾತುಕತೆಯಾಗಿ ಕೆಲವೇ ದಿನಗಳಲ್ಲಿ ಹಿಂದಕ್ಕೆ ಬಂತು. ಎಲ್ಲರಿಗೂ ಹಾಗೆ ಬರುವುದಿಲ್ಲ.

ಆದ್ದರಿಂದ ನಮ್ಮ ಕೂಟದ ಕ್ರಮ ಹೀಗಿರಲಿ ಎಂದು ಸಮಿತಿಯ ಕೋರಿಕೆ. ಕೊನೆಯ ಪುಟದಲ್ಲಿ ಕೂಟದ ಹೆಸರು ದೊಡ್ಡ ನೇರ ಅಕ್ಷರದಲ್ಲಿ ಇದೆ, ಪಕ್ಕದಲ್ಲಿ ಕ್ಯೂಆರ್ ಚೌಕವೂ ಇದೆ. ಆ ಚೌಕದಲ್ಲಿ ಸ್ವಲ್ಪ ಮಸಿ ಬಿದ್ದರೂ ಓದಿಕೊಳ್ಳುವ ಗುಣವಿದೆ, ಜೆರಾಕ್ಸಿಗೆ ಅದೇ ಸರಿ. ಹೆಸರು ಒತ್ತಿದ ಮೇಲೆ ಖಜಾಂಚಿಗಳಿಗೆ ಫೋನ್ ಮಾಡಿ. ವಾಲೆಟ್ ತೋರಿಸುವ ವಿಳಾಸದ ಮಧ್ಯದ ಆರೇಳು ಅಕ್ಷರ ಓದಿ ಹೇಳಿ, ಅವರು ತಮ್ಮದರಲ್ಲಿ ನೋಡಿ ಹೂಂ ಎನ್ನಲಿ. ಮೊದಲು ಒಂದು ಡಾಲರಿನಷ್ಟು ಕಳಿಸಿ, ಮುಟ್ಟಿತೆಂದು ತಿಳಿದ ಮೇಲೆ ಉಳಿದದ್ದು ಕಳಿಸಿ. ನಿಮ್ಮ ವಾಲೆಟ್ಟಿನ ಹನ್ನೆರಡೋ ಇಪ್ಪತ್ತನಾಲ್ಕೋ ಗುಪ್ತ ಪದಗಳನ್ನು ಮಾತ್ರ ಖಜಾಂಚಿಗಳಿಗೂ, ನನಗೂ, ಯಾರಿಗೂ ಹೇಳಬೇಡಿ. ಅದು ವಿಳಾಸವಲ್ಲ, ಬೀಗದ ಕೈ.

ಹೆಸರು ದಾರಿಯನ್ನು ಸುಲಭ ಮಾಡುತ್ತದೆ. ಆದರೆ ಬಾಗಿಲು ತಟ್ಟಿ ‘ಯಾರು?’ ಎಂದು ಕೇಳುವ ಕೆಲಸ ನಮ್ಮದಾಗಿಯೇ ಉಳಿಯುತ್ತದೆ. ಹಳ್ಳಿಯಲ್ಲಿ ಅದನ್ನು ಅಂಚೆಯವರು ಮಾಡುತ್ತಿದ್ದರು. ಇಷ್ಟು ಚಿಕ್ಕ ಕೂಟದಲ್ಲಿ ಒಂದು ಫೋನ್ ಕರೆಯಿಂದ ನಾವೇ ಮಾಡಿಕೊಳ್ಳಬಹುದು. ನಾನೂ ಹುಡುಗರಿಗೆ ಒಂದು ಫೋನ್ ಮಾಡಿ ‘ಯಾಕಪ್ಪಾ ಹೀಗೆ ಬರೆದಿದ್ದೀಯ?’ ಎಂದು ಕೇಳಿದ್ದರೆ ಈ ಬರಹವೇ ಬೇಕಾಗಿರಲಿಲ್ಲ.

ಗ್ರಂಥಾಲಯದ ಕಾಣಿಕೆಗೆ ಟೀಚರಮ್ಮನವರ ಯಜಮಾನರ ಹೆಸರಿನಲ್ಲಿ ರಶೀದಿ ಕೊಟ್ಟಾಗಿದೆ. ಅಕ್ಟೋಬರಿನ ಮೊದಲ ಭಾನುವಾರದಿಂದ ಅವರು ತರಗತಿಗೆ ಬರುತ್ತಿದ್ದಾರೆ. ಈ ಲೇಖನದ ಕರಡನ್ನು ಅವರೇ ನೋಡಿದರು. ಏಳು ಕಡೆ ತಿದ್ದಿದ್ದಾರೆ, ಅದರಲ್ಲಿ ಮೂರು ‘ಳ’ಕಾರ. ಒಂದು ಕಡೆ ಮಾತ್ರ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ತಿದ್ದದೆ, ಅಂಚಿನಲ್ಲಿ ‘ಹೀಗೇ ಬರೆದದ್ದೋ?’ ಎಂದು ಕೇಳಿದ್ದರು.

ತಿದ್ದುಪಡಿ: ಯುಗಾದಿ ಸಂಚಿಕೆಯ 4ನೇ ಪುಟದ ಚೌಕಟ್ಟಿನಲ್ಲಿರುವ ವಿಳಾಸವನ್ನು ಯಾರೂ ಬಳಸಬಾರದಾಗಿ ವಿನಂತಿ. ಆ ಪುಟವನ್ನು ಬೋಂಡಕ್ಕೆ ಉಪಯೋಗಿಸಬಹುದು.